ವೈರು ಬದಲಿಸಿದ್ದು

ದೀಪ ಆರಿಸಿ ನೋಡು ಅಂದಿದ್ದ ಸಿಕ್ಸ್ಟನ್.
ಆರಿಸಿದೆ.
ಶೆಡ್ಡಿನೊಳಗೆ ಕಗ್ಗತ್ತಲು, ಬಾನೆಟ್ಟು ತೆರೆದಿದೆ,
ಎಂಟು ಸಿಲಿಂಡರಿನ ಹಳೇ ಶೆವರ್ಲೆ
ಉಬ್ಬಸ ಹಿಡಿದವರ ಹಾಗೆ
ನಿಂತಲ್ಲೇ ಮುಗ್ಗರಿಸುತ್ತಿದೆ.

ಆಗ ಕಂಡಿತು.
ಐದರ ವೈರಿನಿಂದ ಏಳರ ವೈರಿಗೆ
ನೀಲಿ ಎಳೆಯೊಂದು ಜಿಗಿದು
ಇಲ್ಲ. ಮತ್ತೆ ಇದೆ.
ಮಿಂಚುಹುಳ ಅನ್ನೋಣವೆಂದರೆ
ದಾಲಾರ್ನಾದ ಅಕ್ಟೋಬರಿನಲ್ಲಿ
ಯಾವ ಹುಳಕ್ಕೂ ಅಷ್ಟು ಧೈರ್ಯವಿಲ್ಲ.

ಮಾಡು ಸೋರಿದ ಹಾಗೆ ವೈರೂ ಸೋರುತ್ತದೆ.
ಹದಿನಾರು ಬೇಸಿಗೆ
ಎಗ್ಜಾಸ್ಟ್ ಕೊಳವೆಗಳ ಮಗ್ಗುಲಲ್ಲಿ ಬೆಂದ ರಬ್ಬರು
ಬಗ್ಗಿಸಿದರೆ
ಒಣ ರೈ ರೊಟ್ಟಿಯಂತೆ ಲಟಕ್ಕೆಂದಿತು.

ಬೆಂಚಿನ ಮೇಲೆ ಮೂರು ಬಗೆ ಹರಡಿಟ್ಟ ಸಿಕ್ಸ್ಟನ್.
ಇಂಗಾಲದ ತಿರುಳಿನದು: ಅಗ್ಗ, ಸಾಧು,
ಆದರೆ ಆಯುಸ್ಸು ಕಡಿಮೆ.
ಸುರುಳಿಯದು: ಎಂಟೂವರೆ ಮಿಲಿಮೀಟರು, ಸಿಲಿಕೋನಿನ ಮೈ,
ಒಳಗೆ ಕೂದಲೆಳೆಯ ತಂತಿ
ಬುಗುರಿಗೆ ಚಾಟಿ ಸುತ್ತಿದಂತೆ ಸುತ್ತಿ ಸುತ್ತಿ.
ಕಿಡಿಯನ್ನು ದಾಟಿಸುತ್ತದೆ,
ಕಿರುಚಲಿಕ್ಕೆ ಮಾತ್ರ ಬಿಡುವುದಿಲ್ಲ.
ಮೂರನೆಯದು ಬರೀ ತಾಮ್ರ.
ಮುಚ್ಚುಮರೆ ಅರಿಯದ್ದು.
ಕೊಟ್ಟದ್ದನ್ನು ಕೊಟ್ಟ ಹಾಗೇ ಪ್ಲಗ್ಗಿಗೆ ಒಪ್ಪಿಸಿ
ದಾರಿಯುದ್ದಕ್ಕೂ ಡಂಗುರ ಸಾರುತ್ತದೆ,
ಸುತ್ತಲಿನ ರೇಡಿಯೋಗಳೆಲ್ಲ ಗರಗರ.
ಇಷ್ಟು ದಿನ ಇದ್ದದ್ದು ಅದೇ.

"ಬಣ್ಣ ನೋಡಬೇಡ ಗುನ್ವೋರ್, ಓಮ್ ನೋಡು"
ಅಂತ ಮೀಟರು ಕೈಗಿಟ್ಟ.
ನಾನು ಮೊದಲು ನೋಡಿದ್ದು ಬಣ್ಣವನ್ನೇ, ಸುಳ್ಳೇಕೆ.
ಸುರುಳಿಯದು, ಕೆಂಪು.
ಕಾಲು ಮೈಲಿ ಓಟದಲ್ಲಿ ಕೆಂಪಿನಿಂದ
ಕೂದಲಷ್ಟೂ ಲಾಭವಿಲ್ಲ, ಗೊತ್ತು.
ಅರವತ್ತೊಂದು ದಾಟಿದ ಮೇಲೆ
ಎಲ್ಲವನ್ನೂ ಲಾಭಕ್ಕೇ ಕೊಳ್ಳಬೇಕೆ?

ಒಂದೊಂದನ್ನೂ ಅಳೆದು ಕತ್ತರಿಸಿದೆ.
ಕಾವಿಗೆ ತಾಗದಂತೆ ಮೊಣಕೈ ಮಡಚಿದ ಬೂಟುಗಳು,
ಒಳಗೆ ಬೆರಳ ತುದಿಯಷ್ಟು ಗ್ರೀಸು.
ಒಂದು ಎಂಟು ನಾಲ್ಕು ಮೂರು ಆರು ಐದು ಏಳು ಎರಡು,
ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವ ಮಗ್ಗಿ.
ಐದು, ಏಳು ಅಕ್ಕಪಕ್ಕದ ಮನೆಯವು,
ಒಂದರ ಹಿಂದೊಂದು ಸಿಡಿಯುವಂಥವು,
ಅವೆರಡರ ವೈರು ದೂರ ದೂರ ಇಡಬೇಕು.
ಇಟ್ಟೆ.
ಕೀ ತಿರುವಿದೆ. ಹಾಲು ಕರೆದ ಹಾಗೆ ಓಡಿತು.

ಒಂಬತ್ತನೆಯ ಸಂಜೆ ಬಾಗಿಲು ತಟ್ಟಿದವನು ಹಿಲ್ಡಿಂಗ್.
ಕೊಲ್ಲಿಯ ಆಚೆಯವನು, ಎಂಬತ್ತಮೂರು.
ರಾತ್ರಿಯೆಲ್ಲ ಹೆಡ್‌ಫೋನು ಹಾಕಿಕೊಂಡು
ಎಲ್ಲೆಲ್ಲಿಯದೋ ಮೋರ್ಸ್ ಹೆಕ್ಕುವವನು.
ಬೂಟಿನ ತುಂಬ ಕೆಸರು, ಕೈಯಲ್ಲಿ ಟಾರ್ಚು.
"ಹುಷಾರಾಗಿದ್ದೀಯ ತಾನೆ?
ಕಾರೇ ತೆಗೆದಿಲ್ಲವಲ್ಲ ಇಷ್ಟು ದಿನ."

ದಿನಾ ತೆಗೆದಿದ್ದೆ.

ಕಾಫಿ ಕುದಿಯುವಾಗ ಜೇಬಿನ ಪುಸ್ತಕ ಬಿಚ್ಚಿದ.
ಸೀಸದಕಡ್ಡಿಯ ಇರುವೆ ಸಾಲು:
ಅಜೋರ್ಸ್, ಮಸುಕು.
ಗುನ್ವೋರ್ ಹೊರಟಳು, ಆರು ನಲವತ್ತು.
ಮುರ್ಮಾನ್ಸ್ಕ್, ಚೆನ್ನಾಗಿದೆ.
ಗುನ್ವೋರ್ ಬಂದಳು, ಒಂಬತ್ತು ಐದು.
ಇಂಥ ಪುಸ್ತಕ ಮನೆಯಲ್ಲಿ ಎಷ್ಟಿವೆಯೋ.
ಹದಿನಾರು ವರ್ಷ ಅವನ ಕಿವಿಯಲ್ಲಿ ಗರಗರ ಅಂದಿದ್ದೇನೆ,
ಒಂದು ದಿನ, ಒಂದೇ ಒಂದು ದಿನ
ಬಂದು ದೂರಲಿಲ್ಲ ಮನುಷ್ಯ.
"ನೀನು ಬಂದ ಸದ್ದಾದ ಮೇಲೆ
ಹೆಡ್‌ಫೋನು ತೆಗೆದು ಮಲಗುತ್ತಿದ್ದೆ" ಅಂದ,
ಸಕ್ಕರೆ ತುಂಡು ಹಲ್ಲಿನಲ್ಲಿ ಕಚ್ಚಿಕೊಂಡು.
ಹೊಸ ವೈರಿನ ಸುದ್ದಿ ನಾನು ಎತ್ತಲಿಲ್ಲ.

ಶನಿವಾರ ಸಿಕ್ಸ್ಟನ್ ಬಂದ.
ಬಾನೆಟ್ಟು ಎತ್ತಿ, ಬಗ್ಗಿ,
ಮೀಟರು ಹಚ್ಚಿ, ಮುಳ್ಳು ಸೊನ್ನೆಗೆ ಬಿದ್ದದ್ದು ನೋಡಿ,
ನನ್ನ ಮುಖ ನೋಡಿದ.
"ಏಳು ಕೆಂಪು, ಒಂದು ಕಪ್ಪು ತಾಮ್ರ.
ಪೆಟ್ಟಿಗೆಯಲ್ಲಿ ಒಂದು ಕಡಿಮೆ ಬಂತೇನು?"

ಹೂಂ ಅಂದೆ.
ಒಂದು ಕಡಿಮೆ ಬಂತು.